ಸ್ಟೋಪು, ಸ್ಟಲ್ಲು, ಸಂಪು

ಅಕ್ಟೋಬರ್ 17, 2024, ಗುರುವಾರ

ಈ ದಿನಚರಿ ಹಾಲಿನ ಸೊಸೈಟಿಯವರು ಹಂಚಿದ್ದು. ಸೊಸೈಟಿಯ ಕಾರ್ಯದರ್ಶಿ ನಾನೇ ಆದ್ದರಿಂದ ನನಗೆ ನಾನೇ ಕೊಟ್ಟುಕೊಂಡೆ ಎನ್ನಬೇಕು. ಇಲ್ಲಿಯವರೆಗೆ ಇದರಲ್ಲಿ ಬರೆದದ್ದು ಯಾವ ಹಸುವಿಗೆ ಯಾವತ್ತು ಸೂಜಿ ಹಾಕಿಸಿದೆ ಎಂಬುದು ಮಾತ್ರ. ಇವತ್ತು ಬರೆಯುತ್ತಿರುವುದು, ಕೈಗೆ ಬೇರೆ ಕೆಲಸವಿಲ್ಲ ಎಂದು.

ಬೆಳಿಗ್ಗೆ ಏಳಕ್ಕೆ ನಮ್ಮ ಹುಲ್ಲಿನ ತಾಕಿನಲ್ಲಿ ನೆಲ ಬಾಯಿ ಬಿಟ್ಟಿತು. ಮೂರು ದಿನದಿಂದ ಒಂದೇ ಸಮ ಮಳೆ. ಮೇಯುತ್ತಿದ್ದ ಕಡಸು ಒಳಗೆ ಬಿತ್ತು. ಇವರು ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಅದರ ಹಿಂದೆಯೇ ಇಳಿದರು.

"ಬೇಡ, ನಾಲ್ಕು ಜನ ಬರ್ಲಿ ಇರಿ" ಎಂದೆ.

"ಕರಾ ಕೂಗ್ತಾ ಐತೆ, ಕೇಳಿಸ್ತಿಲ್ವೇನೇ ನಿಂಗೆ?" ಎಂದರು.

ಹತ್ತು ಮೊಳ ಇಳಿದಿರಬಹುದು. ಅಂಚು ಕುಸಿಯಿತು. ಬಿಗಿಯಾಗಿದ್ದ ಹಗ್ಗ ಸಡಿಲವಾಗಿ ನನ್ನ ಕೈಯಲ್ಲಿ ಉಳಿಯಿತು.

ಪೊಲೀಸರು ಗಂಡನ ಹೆಸರು ಕೇಳಿದರು. ಸುಬ್ರಮಣಿ ಎಂದು ಬಾಯಿ ಬಿಟ್ಟು ಹೇಳಿದೆ, ಹದಿನೆಂಟು ವರ್ಷದಲ್ಲಿ ಮೊದಲ ಸಲ. ಎತ್ತರ ಎಷ್ಟು ಎಂದರು. ನಮ್ಮನೆ ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾರೆ ಎಂದೆ. ಅದನ್ನು ಬರೆದುಕೊಳ್ಳಲಿಲ್ಲ.

ಮಧ್ಯಾಹ್ನ ಎರಡು ಸಲ ಇವರ ದನಿ ಕೇಳಿಸಿತು. ಏನೆಂದರೋ ತಿಳಿಯಲಿಲ್ಲ, ದನಿ ಮಾತ್ರ ಇವರದೇ. ಅತ್ತೆ ಗುಂಡಿಯ ಕಡೆ ಓಡಿದರು. ಕಾನ್‌ಸ್ಟೇಬಲ್ ಹಿಡಿದುಕೊಂಡ. ನಮ್ಮತ್ತೆ ಅಕ್ಕಯ್ಯಮ್ಮ ಎಂದರೆ ಊರಿಗೆ ಊರೇ ಹೆದರುತ್ತದೆ, ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಅವನ ಕೈ ಕಚ್ಚಿಬಿಟ್ಟರು.

ಬದುಕಿದ್ದಾರೆ. ಅಷ್ಟು ಸಾಕು.

ಅಕ್ಟೋಬರ್ 18, ಶುಕ್ರವಾರ

ಬೆಂಕಿ ಬಿದ್ದಾಗ ಬಾವಿ ತೋಡುವವರೆಲ್ಲ ಬಂದರು. ಗುಂಡಿ ನಿಂತುಹೋದ ಚಿನ್ನದ ಗಣಿಯ ಜಾಗದಲ್ಲಿದೆಯೋ ನಮ್ಮ ಸರ್ವೆ ನಂಬರಿನಲ್ಲಿದೆಯೋ ಎಂದು ಪಹಣಿ ಕೇಳಿದರು. ಒಳಗಿರುವ ಮನುಷ್ಯ ಯಾವ ಸರ್ವೆ ನಂಬರಿನಲ್ಲಿದ್ದಾನೆ ಎಂದು ನಾನು ಕೇಳಿದೆ. ಟಿವಿಯವನೊಬ್ಬ ಇನ್ನೊಂದು ಸಲ ಹೇಳಿ ಎಂದ, ಕ್ಯಾಮೆರಾ ಆನ್ ಆಗಿರಲಿಲ್ಲವಂತೆ.

ರಕ್ಷಣಾ ತಂಡದ ಅಧಿಕಾರಿ ಅಂಬರೀಶ್. ವಯಸ್ಸು ಚಿಕ್ಕದು, ಮಾತು ಚುಟುಕು. ನನ್ನ ಮುಖ ನೋಡದೆ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಗೊತ್ತಿಲ್ಲದ ಮಾತಿನ ಜೊತೆ ಜಗಳ ಆಡುವುದು ಹೇಗೆ? ಅದಕ್ಕೇ ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಲು ಶುರು ಮಾಡಿದೆ.

ಹನ್ನೊಂದಕ್ಕೆ ಗಣಿ ಕೆಲಸದವರ ಊರು ಚಾಂಪಿಯನ್ ರೀಫ್ಸಿನಿಂದ ಒಬ್ಬ ಮುದುಕರು ಆಟೋದಲ್ಲಿ ಬಂದರು, ಹೆಸರು ಕುಪ್ಪುಸ್ವಾಮಿ. ಆಂಡರ್ಸನ್‌ಪೇಟೆಗೆ ಹಾಲು ಒಯ್ಯುವ ನಮ್ಮ ಆಟೋದವನೇ ಹೇಳಿ ಕರೆತಂದದ್ದು. ಗಣಿಯಲ್ಲಿ ಮರದ ಆನಿಕೆ ಕೊಡುವ ಕೆಲಸ ಮಾಡಿದವರು. ಪ್ರಾಯದಲ್ಲಿ ಆರು ತಿಂಗಳು ನಮ್ಮ ಗುಡ್ಡದ ಕೆಳಗೇ ಕೆಲಸ ಮಾಡಿದ್ದರಂತೆ. ನಮಗೆ ನಮ್ಮ ಹೊಲದ ಮೇಲ್ಗಡೆ ಮಾತ್ರ ಗೊತ್ತಿತ್ತು.

ಗುಂಡಿಯ ಅಂಚಿನ ಮಣ್ಣು ಹಿಸುಕಿ ನೋಡಿ, "ಇದು ಕೆರೆ ಮಣ್ಣು. ಇಲ್ಲಿ ಮಣ್ಣು ಹಾಕ್ಸಿದ್ದು ಯಾರಮ್ಮಾ?" ಎಂದರು.

ನಾನು ಎಂದೆ. ಆ ತಾಕು ಬಾಣಲೆಯ ಹಾಗೆ ತಗ್ಗಾಗಿತ್ತು. ಎಷ್ಟು ಮಳೆ ಬಂದರೂ ನೀರು ನಿಲ್ಲುತ್ತಿರಲಿಲ್ಲ, ಒಳ್ಳೆಯ ಜಾಗ ಎಂದುಕೊಂಡೆ. ಇವರು ಬೇಡವೆಂದರೂ ಕೇಳದೆ ಹದಿನೆಂಟು ಟ್ರ್ಯಾಕ್ಟರ್ ಮಣ್ಣು ಹೊಡೆಸಿ ಸಮ ಮಾಡಿಸಿ ಸೀಮೆಹುಲ್ಲು ನೆಡಿಸಿದೆ.

"ತಗ್ಗಿದ್ರೆ ಕೆಳ್ಗಡೆ ಸ್ಟೋಪ್ ಇದೆ ಅಂತ ಅರ್ಥ. ನಮ್ ಲೈನ್ ಮನೆಗಳಲ್ಲಿ ಸಣ್ಣ ಪಿಳ್ಳೆಗೂ ಗೊತ್ತು ತಾಯೀ. ಅದ್ರ ತಲೆ ಮೇಲೆ ಭಾರ ಹಾಕ್ಬಾರ್ದು." ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಹಾಕಿಯಾಗಿತ್ತು.

ಸ್ಟೋಪ್: ಚಿನ್ನದ ಕಲ್ಲು ಕಿತ್ತು ತೆಗೆದ ಮೇಲೆ ಒಳಗೆ ಉಳಿಯುವ ಓರೆ ಸಂದು. ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಿದ್ದರಂತೆ. ಮಗಳು ಕಲಾ ಫೋನಿನಲ್ಲಿ ಹುಡುಕಿ, ಮೆಟ್ಟಿಲು ಎನ್ನುವ ಇಂಗ್ಲಿಷ್ ಮಾತಿನಿಂದಲೇ ಈ ಮಾತು ಬಂದಿರಬೇಕು ಎಂದಳು.

ಸ್ಟಲ್: ಆ ಸಂದಿನ ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡ ಕೊಡುವ ಮರದ ದಿಮ್ಮಿ. ಬಹುಶಃ ಜರ್ಮನ್ ಭಾಷೆಯದು, ಆಸರೆ ಎಂದು ಅರ್ಥ. ಬಿದ್ದವರು ಯಾವುದಾದರೂ ಸ್ಟಲ್ಲಿಗೆ ತಗುಲಿ ನಿಂತಿರುತ್ತಾರೆ ಎನ್ನುತ್ತಾರೆ ಕುಪ್ಪುಸ್ವಾಮಿ ತಾತ.

ಆಸರೆ. ಈ ಮಾತನ್ನು ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ.

ಅಕ್ಟೋಬರ್ 19, ಶನಿವಾರ

ಬದುಕಿದ್ದಾರೆ! ನನ್ನ ಕಿವಿಯಿಂದಲೇ ಕೇಳಿದೆ.

ತಾತ ಬಂಡೆಯ ಮೇಲೆ ಹಾರೆ ಊರಿ ಅದರ ತುದಿಗೆ ಕಿವಿ ಇಟ್ಟರು. ತುಂಬಾ ಹೊತ್ತು ಹಾಗೇ ಇದ್ದರು. ಆಮೇಲೆ ನನ್ನನ್ನು ಕರೆದು ನನ್ನ ಕಿವಿ ಇಡಿಸಿದರು. ಟಕ್, ಟಕ್, ಟಕ್. ಬಿಟ್ಟು, ಮತ್ತೆ ಮೂರು. ಕಲ್ಲಿನಿಂದ ಕಲ್ಲಿಗೆ ಹೊಡೆಯುತ್ತಿದ್ದಾರೆ. ನಾನೂ ಕೊಡಲಿಯ ಹಿಂಬದಿಯಿಂದ ಬಂಡೆಗೆ ಮೂರು ಹೊಡೆದೆ. ಉತ್ತರ ಬಂತು. ಅತ್ತೆ ಹಾರೆ ಬಿಟ್ಟು ಏಳಲೇ ಇಲ್ಲ. "ಬಾಯ್ಬಿಟ್ಟು ಮಾತಾಡ್ದೇ ಇದ್ದೋನು ಈಗ ಕಲ್ಲಲ್ಲಿ ಮಾತಾಡ್ತವ್ನೆ ನೋಡು" ಎಂದು ನಕ್ಕರು. ನಾನೂ ನಕ್ಕೆ.

ಸಂಪ್: ಅಂಬರೀಶ್ ಸಾಹೇಬರು ಈ ಮಾತಾಡಿದಾಗ, ಇದು ನಮ್ಮನೆಯಲ್ಲೂ ಇದೆಯಲ್ಲ, ನಲ್ಲಿ ನೀರು ತುಂಬಿಸುವ ಸಂಪು ಎಂದುಕೊಂಡೆ. ಅದೇ ಮಾತು. ಗಣಿಯ ತಳದಲ್ಲಿ ನೀರು ಬಂದು ಸೇರುವ ಗುಂಡಿ. ಹುಟ್ಟಿದ್ದು ಹಳೆಯ ಜರ್ಮನ್ನಿನ ಜೌಗು ಎನ್ನುವ ಮಾತಿನಿಂದ.

ವಿಂಜ್: ಸುರಂಗದ ಒಳಗಿನಿಂದ ಇನ್ನೂ ಕೆಳಕ್ಕೆ ತೋಡಿದ ಬಾವಿ. ಅದೇ ಬಾವಿಯನ್ನು ಕೆಳಗಿನಿಂದ ಮೇಲಕ್ಕೆ ಕೊರೆದರೆ ರೈಸ್. ತೂತು ಒಂದೇ, ಯಾವ ಕಡೆಯಿಂದ ತೋಡುತ್ತೀಯ ಎನ್ನುವುದರ ಮೇಲೆ ಹೆಸರು. ವಿಂಜ್ ಎಂಬುದು ಹಗ್ಗ ಸುತ್ತಿ ಎತ್ತುವ ಕೆಲಸದಿಂದ ಬಂದಿರಬಹುದಂತೆ. ನಮ್ಮ ಸ್ಟೋಪಿನ ಬುಡದ ಹತ್ತಿರವೂ ಒಂದು ವಿಂಜ್ ಇದೆಯಂತೆ, ನೀರು ತುಂಬಿಕೊಂಡು. ಅದು ಇವರಿರುವ ಜಾಗಕ್ಕಿಂತ ಕೆಳಗೆ. ಎಷ್ಟು ಕೆಳಗೆ ಎಂದು ತಾತನನ್ನು ಮೂರು ಸಲ ಕೇಳಿದೆ. ಮೂರು ಸಲವೂ ಬೇಸರವಿಲ್ಲದೆ ಹೇಳಿದರು.

ಅಕ್ಟೋಬರ್ 20, ಭಾನುವಾರ

ಜೆಸಿಬಿ ಬಂತು.

ತಾತ ಅಡ್ಡ ನಿಂತರು. "ಮಿಷಿನ್ ಬೇಡ ಸಾರ್. ನೆಲ ಅದುರಿದ್ರೆ ಸ್ಟಲ್ ತಡೆಯಲ್ಲ. ಗುಡ್ಡದ ಕಡೆಯಿಂದ ಹಳೇ ದಾರಿ ಇದೆ, ಮಣ್ಣು ತೆಗೆದ್ರೆ ಕೆಳ್ಗಡೆಯಿಂದ ಹೋಗ್ಬೋದು." ಎಷ್ಟು ದಿನ ಬೇಕು ಎಂದು ಸಾಹೇಬರು ಕೇಳಿದರು. ಎರಡು ದಿನ ಎಂದರು ತಾತ. ಜೆಸಿಬಿ ಆದರೆ ಐದು ಗಂಟೆ ಎಂದರು ಸಾಹೇಬರು. ನಕ್ಷೆಯಲ್ಲಿ ಇಲ್ಲಿ ಸ್ಟೋಪೇ ಇಲ್ಲ ಎಂದೂ ಹೇಳಿದರು.

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

ತೋಡಿ ಎಂದೆ. ನಾನೇ ಎಂದೆ.

ಅರ್ಧ ಗಂಟೆ ತೋಡಿದ್ದರು. ಒಳಗೆ ಏನೋ ಜಾರಿತು, ಗುಂಡಿಯಿಂದ ದೂಳು ಎದ್ದಿತು. ಮಿಷಿನ್ ನಿಲ್ಲಿಸಿದರು. ತಾತ ಹಾರೆಗೆ ಕಿವಿ ಇಟ್ಟರು. ಆಮೇಲೆ ನಾನು. ಆಮೇಲೆ ಅತ್ತೆ.

ಸಂಜೆ ಆರರವರೆಗೂ ಇಟ್ಟೆವು.

ಅಕ್ಟೋಬರ್ 21, ಸೋಮವಾರ

ಏನೂ ಇಲ್ಲ. ಮೊದಲು ಮಣ್ಣು ಹಾಕಿಸಿದೆ, ಆಮೇಲೆ ಮಣ್ಣು ತೋಡಿಸಿದೆ. ಶತ್ರು ಆದರೂ ಇವರಿಗೆ ಇಷ್ಟು ಮಾಡುತ್ತಿರಲಿಲ್ಲ.

ಅತ್ತೆ ಹಾರೆ ಬಿಟ್ಟು ಮನೆಗೆ ಹೋಗಿ ಜಗಲಿಯ ಮೇಲೆ ಕುಳಿತಿದ್ದಾರೆ. ನನ್ನನ್ನು ಬಯ್ಯುತ್ತಲೂ ಇಲ್ಲ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಸಾಹೇಬರು ತಾತನ ಹತ್ತಿರ ತಾವೇ ಹೋದರು. "ಆ ಅಡಿಟ್ ಎಲ್ಲಿದೆ ತೋರ್ಸಿ ತಾತ" ಎಂದರು. ನನಗೆ ಕೇಳಿದ್ದು ಆಡಿಟ್. ಮಾರ್ಚ್‌ನಲ್ಲಿ ಸೊಸೈಟಿಗೆ ಬರುತ್ತಾರಲ್ಲ, ಅದು. ಈ ಹೊತ್ತಿನಲ್ಲಿ ಆಡಿಟ್ ಏನು ಎಂದು ರೇಗಿದೆ. ಆಡಿಟ್ ಬೇರೆ, ಅಡಿಟ್ ಬೇರೆ ಎಂದು ಕಲಾ ಫೋನು ತೋರಿಸಿದಳು. ಗುಡ್ಡದ ಬುಡದಿಂದ ಮಟ್ಟವಾಗಿ ಒಳಗೆ ಹೋಗುವ ಸುರಂಗಕ್ಕೆ ಅಡಿಟ್ ಎನ್ನುತ್ತಾರೆ. ಎರಡೂ ಲ್ಯಾಟಿನ್ ಮಾತುಗಳೇ. ಆಡಿಟ್ ಎಂದರೆ ಕೇಳಿಸಿಕೊಳ್ಳುವುದು, ಹಿಂದೆ ಲೆಕ್ಕವನ್ನು ಓದಿಸಿ ಕೇಳುತ್ತಿದ್ದರಂತೆ. ಅಡಿಟ್ ಎಂದರೆ ಹತ್ತಿರಕ್ಕೆ ಹೋಗುವುದು.

ಕೇಳಿಸಿಕೊಳ್ಳುವುದು ನಿನ್ನೆಗೆ ಮುಗಿಯಿತು. ಇನ್ನು ಹತ್ತಿರಕ್ಕೆ ಹೋಗಬೇಕು.

ಅಕ್ಟೋಬರ್ 22, ಮಂಗಳವಾರ

ತಾತ ತಮ್ಮ ಕಡೆಯವರನ್ನು ಕರೆಸಿದರು. ಚಲಪತಿ, ತಾತನ ಜೊತೆ ಗಣಿಯಲ್ಲಿದ್ದವರು. ಮುನಿರಾಜ್, ಗಣಿ ಮುಚ್ಚುವಾಗ ಇನ್ನೂ ಮಗುವಾಗಿದ್ದ ಹುಡುಗ, ಬಂಗಾರಪೇಟೆಯಲ್ಲಿ ಬಾವಿ ತೋಡುವ ಕೆಲಸ. ಅವನ ಹೆಂಡತಿ ಶ್ಯಾಮಲಾ ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದು ಹುಣಸೆ ಮರದ ಕೆಳಗೆ ಕುಳಿತಿದ್ದಾಳೆ. ಗಂಡನನ್ನು ತಡೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಅವಳ ಕಡೆ ನೋಡಲು ನನಗೆ ಆಗುತ್ತಿಲ್ಲ.

ಲಂಟಾನ ಕಡಿದು, ಮಣ್ಣು ಎಳೆದು, ಮಧ್ಯಾಹ್ನದ ಹೊತ್ತಿಗೆ ಅಡಿಟ್ಟಿನ ಬಾಯಿ ಕಂಡಿತು. ನಾನು ಮಂಕರಿ ಹೊತ್ತೆ. ಬಾಯಿಯ ಹತ್ತಿರ ಹೋದಾಗ ತಾತ ತಡೆದರು. ಹೆಂಗಸರು ಗಣಿಗೆ ಕಾಲಿಡುವ ಪದ್ಧತಿ ಅವರಲ್ಲಿ ಇಲ್ಲವಂತೆ. ಹಾಗಾದರೆ ಮಣ್ಣನ್ನು ಆಚೆ ತಂದು ಕೊಡಿ, ಇಲ್ಲಿಂದ ಹೊರುತ್ತೇನೆ ಎಂದೆ.

ಸ್ಪ್ರ್ಯಾಗ್: ಕೆಲಸ ಮುಗಿಯುವವರೆಗೆ ತಾತ್ಕಾಲಿಕವಾಗಿ ಕೊಡುವ ಗಿಡ್ಡ ಆನಿಕೆ. ಈ ಮಾತು ಎಲ್ಲಿಂದ ಬಂತೋ ಯಾರಿಗೂ ಗೊತ್ತಿಲ್ಲವಂತೆ. ಅಪ್ಪ ಅಮ್ಮ ಇಲ್ಲದ ಮಾತು. ಆದರೂ ಭಾರ ಹೊರುತ್ತದೆ.

ಸಾಹೇಬರು ಮೇಲಿನವರಿಗೆ ವರದಿ ಬರೆಯುವಾಗ ವಿಂಜ್ ಇರುವ ಜಾಗ ತಪ್ಪು ಹಾಕಿದ್ದರು. ಸ್ಟೋಪಿನ ಬುಡಕ್ಕಿಂತ ಈಚೆಗೆ, ಅಡಿಟ್ಟಿನ ನೆಲದಲ್ಲೇ ಇದೆ, ಹಲಗೆ ಹಾಕಿ ದಾಟಬೇಕು ಎಂದೆ. ಅವರು ತಾತನ ಮುಖ ನೋಡಿದರು. ತಾತ ತಲೆ ಆಡಿಸಿದರು. ಸಾಹೇಬರು ಅಳಿಸಿ ಬರೆದರು.

ತಾತ ಇನ್ನೊಂದು ಹೇಳಿದರು. ಮರ ಮುರಿಯುವ ಮೊದಲು ಮಾತಾಡುತ್ತದಂತೆ. ಮೊದಲು ಸಣ್ಣಗೆ ಗೊಣಗುತ್ತದೆ, ಆಮೇಲೆ ಚಟಚಟ ಎನ್ನುತ್ತದೆ. "ಕಬ್ಬಿಣ ಹೇಳ್ದೆ ಬೀಳುತ್ತೆ. ಮರಕ್ಕೆ ಮರ್ಯಾದೆ ಇದೆ, ಹೇಳಿ ಬೀಳುತ್ತೆ. ಅದು ಮಾತಾಡಿದ್ರೆ ಉತ್ತರ ಕೊಡ್ತಾ ನಿಲ್ಬಾರ್ದು." ಹೊರಡುವಾಗ, "ನಿನ್ ಗಂಡನ್ನ ಕರ್ಕೊಂಡೇ ಬತ್ತೀನಿ ತಾಯೀ" ಎಂದು ನನ್ನ ತಲೆ ಮುಟ್ಟಿದರು.

ಅಕ್ಟೋಬರ್ 23, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ. ನಾಳೆ ನಾನು ಬೇರೆ ಏನಾದರೂ ಹೇಳಿಕೊಳ್ಳಬಹುದು.

ಹತ್ತಕ್ಕೆ ದಾರಿ ಬಿಟ್ಟಿತು. ತಾತ, ಚಲಪತಿ, ಮುನಿರಾಜ್ ಒಳಗೆ ಹೋದರು. ಸುರಂಗ ಒಂದು ಕಡೆ ತಿರುಗುತ್ತದೆ, ಅಲ್ಲಿಂದಾಚೆ ವೈರ್‌ಲೆಸ್ ಕೆಲಸ ಮಾಡಲಿಲ್ಲ. ಆ ತಿರುವಿನಲ್ಲಿ ಒಬ್ಬ ಕಾನ್‌ಸ್ಟೇಬಲನ್ನು ನಿಲ್ಲಿಸಿದರು, ಒಳಗಿನವರು ಹೇಳಿದ್ದನ್ನು ಹೊರಗೆ ಕೂಗಲು. ತಾತ ಹೇಳಿದ್ದು ಒಂದು, ಅವನು ಕೂಗಿದ್ದು ಒಂದು. ಹತ್ತು ನಿಮಿಷಕ್ಕೆ ತಾತನಿಗೆ ಸಿಟ್ಟು ಬಂತು. "ಆ ಅಮ್ಮನ್ನ ಕಳ್ಸಿ. ಅದಕ್ಕೆ ನಮ್ ಮಾತು ಗೊತ್ತು" ಎಂದು ಹೇಳಿ ಕಳಿಸಿದರು. ನಿನ್ನೆ ತಡೆದ ಬಾಯಿಯೇ.

ಆ ತಿರುವಿಗೆ ಎಪ್ಪತ್ತು ಹೆಜ್ಜೆ. ಪಾದ ಮುಳುಗುವಷ್ಟು ನೀರು. ನಮ್ಮ ಕೊಟ್ಟಿಗೆಯ ವಾಸನೆ ಬಂದಂತಾಯಿತು.

ವಿಂಜ್ ದಾಟಿದೆವು ಎಂದರು. ಹೊರಗೆ ಕೂಗಿದೆ. ಸ್ಟೋಪಿನ ಬುಡ ಸಿಕ್ಕಿತು ಎಂದರು. ಕೂಗಿದೆ. ಬುಡದ ತುಂಬ ಕಲ್ಲು, ಒಂದೊಂದೇ ತೆಗೆಯುತ್ತೇವೆ, ಮೇಲಿನ ಸ್ಟಲ್ಲಿಗೆ ಸ್ಪ್ರ್ಯಾಗ್ ಕೊಡುತ್ತೇವೆ ಎಂದರು. ಕೂಗಿದೆ. ಕಡಸು ಸಿಕ್ಕಿತು ಎಂದರು. ಅದನ್ನು ಕೂಗಲಿಲ್ಲ. ವಾಸನೆ ಯಾವುದೆಂದು ಗೊತ್ತಾಯಿತು.

ಒಂದು ಗಂಟೆಯ ಹೊತ್ತಿಗೆ ಮುನಿರಾಜನ ದನಿ ಬಂತು. "ಅಕ್ಕಾ, ಮ್ಯಾಲೆ ಏನೋ ತಟ್ಟಿದಂಗಾಯ್ತು."

ಎಷ್ಟು ಸಲ ಎಂದೆ.

"ಒಂದೇ ಕಿತ."

ಗೋಡೆಗೆ ಕಿವಿ ಒತ್ತಿದೆ. ಎಲ್ಲ ಕಡೆ ನೀರು ತೊಟ್ಟಿಕ್ಕುತ್ತಿತ್ತು.

"ನೀರಾ ಮುನಿರಾಜಾ?"

"ಗೊತ್ತಾಗ್ತಿಲ್ಲಕ್ಕಾ. ನೀರೂ ಇರ್ಬೋದು."

ಆಗ ಗೊಣಗು ಕೇಳಿಸಿತು. ತಾತ ಹೇಳುವ ಮೊದಲೇ ನನಗೆ ಗೊತ್ತಾಯಿತು.

"ಸ್ಟಲ್ ಪೇಸುದು ತಾಯೀ" ಎಂದರು ತಾತ, ತಮ್ಮ ತಮಿಳಿನಲ್ಲೇ. ಆಮೇಲೆ ಕನ್ನಡದಲ್ಲಿ, "ಮಾತಾಡ್ತಾ ಐತೆ. ಹುಡುಗ್ರನ್ನ ಕಳಿಸ್ತೀನಿ. ನಾನಿರ್ತೀನಿ, ಇನ್ನು ನಾಕು ಕಲ್ಲು ಐತೆ ಅಷ್ಟೇ."

"ತಾತನ್ನ ಬಿಟ್ಟು ನಾನು ಬರಲ್ಲ" ಎಂದ ಮುನಿರಾಜ್. ಚಲಪತಿಯ ಕಡೆಯಿಂದ ಕಲ್ಲು ಉರುಳಿದ ಸದ್ದು ಬಂತು, ಕೆಲಸ ಬಿಟ್ಟಿರಲಿಲ್ಲ. ಹೊರಗಿನಿಂದ ಸಾಹೇಬರು ಏನಾಯ್ತು, ಏನಾಯ್ತು ಎಂದು ಕೂಗುತ್ತಿದ್ದರು. ಅವರಿಗೆ ಹೇಳಿ, ಅವರಿಗೆ ಅರ್ಥವಾಗಿ, ಅವರು ಹೇಳುವಷ್ಟು ಹೊತ್ತು ಇರಲಿಲ್ಲ.

ಚಟಚಟ ಎಂದಿತು.

ನಾಲ್ಕು ಕಲ್ಲು. ನಾಲ್ಕು ಕಲ್ಲಿನಾಚೆ ಇವರು. ಆ ತಟ್ಟಿದ್ದು ಇವರೇ ಆಗಿದ್ದರೆ?

"ಬನ್ನಿ" ಎಂದೆ. ಮತ್ತೆ ಕೂಗಿದೆ. "ತಾತಾ, ಬನ್ನಿ. ಮೂರು ಜನಾನೂ ಬನ್ನಿ. ಸಾಕು. ನಾನ್ ಹೇಳ್ತಿದೀನಿ, ಬಂದ್ಬಿಡಿ."

ಬಂದರು. ಕೊನೆಯವರು ತಾತ. ನನ್ನನ್ನು ದಾಟುವಾಗ ಮುಖ ಎತ್ತಲಿಲ್ಲ.

ಹೊರಗೆ ಬಂದು ನಿಂತೆವು. ಏನೂ ಬೀಳಲಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಏನೂ ಬೀಳಲಿಲ್ಲ. ಕಲಾ ನನ್ನ ಸೆರಗು ಹಿಡಿದು, "ಯಾಕಮ್ಮಾ ಕರ್ದೆ? ಇನ್ನು ನಾಲ್ಕೇ ಕಲ್ಲಿತ್ತಂತಲ್ಲಮ್ಮಾ" ಎಂದಳು. ಮುನಿರಾಜ್ ಮತ್ತೆ ಹೋಗ್ತೀನಿ ಎಂದು ಎದ್ದ. ತಾತ ಅವನ ಅಂಗಿ ಹಿಡಿದು ಕೂರಿಸಿದರು. ಎರಡು ಗಂಟೆ ಹೊತ್ತು ನಾನು ಗಂಡನನ್ನು ಕೊಂದವಳಾಗಿ ನಿಂತಿದ್ದೆ. ಬೀಳಲಿ ಎಂದು ಬೇಡಿಕೊಂಡೆನೋ, ಬೀಳದಿರಲಿ ಎಂದು ಬೇಡಿಕೊಂಡೆನೋ, ಬರೆಯಲಾರೆ.

ಮೂರೂಕಾಲಿಗೆ ಬಿತ್ತು. ಕಾಲ ಕೆಳಗೆ ನೆಲ ಒಮ್ಮೆ ಎದ್ದು ಕುಳಿತಂತಾಯಿತು. ಅಡಿಟ್ಟಿನ ಬಾಯಿಂದ ಗಾಳಿ ನುಗ್ಗಿ ಬಂದು ಹುಣಸೆ ಮರದ ಕೆಳಗಿದ್ದ ಮಕ್ಕಳ ಮೇಲೆಲ್ಲ ಮಣ್ಣು ಚೆಲ್ಲಿತು. ಅಂಬರೀಶ್ ಸಾಹೇಬರು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಶ್ಯಾಮಲಾ ಎದ್ದು ಬಂದು ನನ್ನ ಕಾಲು ಮುಟ್ಟಿದಳು. ನಾನು ಅವಳನ್ನು ತಳ್ಳಿದೆ. ಆಮೇಲೆ ಅಪ್ಪಿಕೊಂಡು ಅತ್ತುಬಿಟ್ಟೆ.

ಆ ಒಂದು ಸಲ ತಟ್ಟಿದ್ದು ನೀರೋ ಇವರೋ ನನಗೆ ಎಂದಿಗೂ ಗೊತ್ತಾಗುವುದಿಲ್ಲ.

ಸಂಜೆ ಅತ್ತೆಗೆ ಹೇಳಬೇಕಾಯಿತು. ಬೇರೆ ಯಾರೂ ಹೇಳಬಾರದು ಎಂದು ಸಾಹೇಬರಿಗೂ ಹೇಳಿದ್ದೆ. ಜಗಲಿಯ ಕೆಳಗೆ ಕುಳಿತೆ. ಏಳು ದಿನದಲ್ಲಿ ಕಲಿತ ಒಂದು ಮಾತೂ ಬಾಯಿಗೆ ಬರಲಿಲ್ಲ.

"ಒಳಗೆ ಮೂರು ಜನ ಇದ್ರು ಅತ್ತೆ. ಅವ್ರ ಮೇಲೆ ಬೀಳೋದ್ರಲ್ಲಿತ್ತು. ನಾನೇ ಬನ್ನಿ ಅಂದೆ. ನಿಮ್ಮ ಮಗನ್ನ ಅಲ್ಲೇ ಬಿಟ್ಟೆ."

ಅತ್ತೆ ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದು ಮುಖ ಮುಂದೆ ಮಾಡಿದೆ.

"ಆ ಎಳೇ ಹುಡುಗನ್ಗೆ ಮಕ್ಳೆಷ್ಟು?" ಎಂದರು.

"ಮೂರು."

ಆಮೇಲೆ, "ಉಂಡ್ರಾ ಅವ್ರು?" ಎಂದರು.

"ಇಲ್ಲ ಅತ್ತೆ."

"ಎದ್ದೇಳು ಮತ್ತೆ. ನನ್ನ ಮಗನ್ಗೋಸ್ಕರ ಬೆಳಗ್ಗಿಂದ ಮಣ್ಣು ತಿಂದವ್ರೆ. ಬರೀ ಒಟ್ಟೇಲಿ ಕಳಿಸ್ಬ್ಯಾಡ."

ಎದ್ದೆ. ಒಲೆ ಹಚ್ಚಿ ಎಸರಿಟ್ಟೆ, ಅಳುತ್ತಲೇ ಮುದ್ದೆ ಕಟ್ಟಿದೆ. ಕಲಾ ಅಂಗಳದಲ್ಲಿ ಎಲೆ ಹಾಕಿದಳು. ಅತ್ತೆ ಜಗಲಿಯಿಂದ ಇಳಿದು ಬಂದು ಚೊಂಬು ಹಿಡಿದು ಒಬ್ಬೊಬ್ಬರ ಕೈಗೂ ತಾವೇ ನೀರು ಹಾಕಿದರು. ತಾತನಿಗೆ ಹಾಕಿದರು, ಚಲಪತಿಗೆ ಹಾಕಿದರು. ಮುನಿರಾಜ್ ಕೈ ಚಾಚಿದಾಗ ಚೊಂಬನ್ನು ಕೆಳಗಿಟ್ಟು, ಅವನ ಎರಡೂ ಕೈಗಳ ಮಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು. ಒರೆಸಿದ ಮೇಲೂ ಆ ಕೈಗಳನ್ನು ಬಿಡಲಿಲ್ಲ.